ಪದ ಕಂಡರೆ ಸಾಕು, ಬೀಗ!

ಲೈಬ್ರರಿ ಕಂಪ್ಯೂಟರಿನಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಹುಡುಕಿದರೆ 'ಈ ಪುಟ ನಿರ್ಬಂಧಿಸಲಾಗಿದೆ' ಅಂತ ಬರುತ್ತದೆ. ಅಶ್ಲೀಲ ಪುಟ ತಡೆಯೋಕೆ ಹಾಕಿರುವ ಫಿಲ್ಟರಿಗೆ 'ಸ್ತನ' ಅನ್ನೋ ಪದ ಕಂಡರೆ ಸಾಕು, ಅರ್ಥ ಬೇಕಾಗಿಲ್ಲ. ಮಕ್ಕಳೂ ಕೂರುವ ಜಾಗ, ಕಡಿವಾಣ ಬೇಕು, ಒಪ್ಪೋಣ. ದೊಡ್ಡವರಿಗೂ ಅದೇ ಬೀಗ ಯಾಕೆ? ತೆಗೆಸಬೇಕು ಅಂದರೆ ಕೌಂಟರಿಗೆ ಹೋಗಿ, ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಕಾಯಿಲೆಯ ಹೆಸರು ಹೇಳಬೇಕು. ಅಲ್ಲಿರುವವರೋ, 'ನಮ್ಮ ಕೈಲಿಲ್ಲ, ಎಲ್ಲಾ ಮೇಲಿನವರದ್ದು' ಅನ್ನುತ್ತಾರೆ.

ಇನ್ನು ಆ ಟೈಮರ್! ಅರ್ಜಿಯ ಕೊನೇ ಪುಟದಲ್ಲಿ ಫೋಟೊ ಅಪ್‌ಲೋಡ್ ಆಗುತ್ತಿರುವಾಗಲೇ ಮೂಲೆಯಲ್ಲಿ ಸೆಕೆಂಡುಗಳು ಇಳಿಯತೊಡಗುತ್ತವೆ. ಸೊನ್ನೆ ಮುಟ್ಟಿದರೆ ಲಾಗೌಟ್, ತುಂಬಿದ್ದೆಲ್ಲ ಮಾಯ. ಪಕ್ಕದ ಕಂಪ್ಯೂಟರ್ ಸುಮ್ನೆ ಖಾಲಿ ಬಿದ್ದಿದ್ದರೂ ಐದು ನಿಮಿಷ ಜಾಸ್ತಿ ಕೊಡುವುದಿಲ್ಲ. ಜೂಜಿನ ಜಾಹೀರಾತುಗಳು ಮಾತ್ರ ಆರಾಮಾಗಿ ಬರುತ್ತಿರುತ್ತವೆ. ಅವು ಹೇಗೆ ತೂರಿಕೊಂಡು ಬರುತ್ತವೆ ಸ್ವಾಮಿ?