ಅಟೆಂಡೆನ್ಸ್ ಶಾರ್ಟೇಜ್ ಆದ ಕೋಟ್ಯಧಿಪತಿಗಳು

ಹೋದ ವರ್ಷ ಮಗನ ಹುಟ್ಟುಹಬ್ಬಕ್ಕೆ ಒಂದು ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಜರ್ಸಿ ಕೊಡಿಸಿದೆ. ಬೆನ್ನ ಮೇಲೆ ಅವನ ಮೆಚ್ಚಿನ ಆಟಗಾರನ ಹೆಸರು. ಮೂರು ಸಲ ಒಗೆಯುವಷ್ಟರಲ್ಲಿ ಆ ಆಟಗಾರ ಬೇರೆ ಕಾಲೇಜು ಸೇರಿದ್ದ. ಜರ್ಸಿಯ ಬಣ್ಣ ಗಟ್ಟಿ. ಹೋಗಿದ್ದು ಹುಡುಗ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಕೇರಿ ಎಂಬ ಊರಿನಲ್ಲಿ. ಹೆಸರು ಕೇರಿ ಅಂತಿದ್ದರೂ ದೊಡ್ಡ ಊರೇ. ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಎರಡೂ ಇಲ್ಲಿಗೆ ಹತ್ತಿರ. ಹೊಸದಾಗಿ ಪರಿಚಯವಾದವರು ನಿಮ್ಮ ಕೆಲಸ ಕೇಳುವ ಮೊದಲು ನೀವು ಯಾವ ನೀಲಿ ಅಂತ ಕೇಳುತ್ತಾರೆ. ಡ್ಯೂಕ್‌ನವರದು ಕಡುನೀಲಿ, ಇನ್ನೊಬ್ಬರದು ಆಕಾಶನೀಲಿ. ನಾನು ಯಾವ ನೀಲಿ ಅಂತ ಇಲ್ಲಿ ಹೇಳಲ್ಲ. ಅಪಾರ್ಟ್‌ಮೆಂಟಿನಲ್ಲಿ ಕಾರ್ ಪಾರ್ಕ್ ಮಾಡುವುದು ಬಯಲಲ್ಲೇ.

ಇಷ್ಟು ವರ್ಷ ನೋಡಿದ ಮೇಲೆ ನನಗೊಂದು ಅನುಮಾನ ಬಂದಿದೆ. ಯಾರೋ ರಾತ್ರೋರಾತ್ರಿ ಬೋರ್ಡು ಅದಲುಬದಲು ಮಾಡಿದ್ದಾರೆ. ಕಾಲೇಜು ಈಗ ಆಫೀಸಾಗಿದೆ. ವೃತ್ತಿಪರರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕಾಲೇಜಾಗಿದೆ.

ಮೊದಲು ಕಾಲೇಜಿನ ಕತೆ. ಕಾಲೇಜು ಕ್ರೀಡೆಗಳ ಯಜಮಾನ ಸಂಸ್ಥೆ ಎನ್‌ಸಿಎಎ. ಒಂದು ಕಾಲಕ್ಕೆ ಅದರ ಮಡಿ ಎಂದರೆ ಮಡಿ. ಹುಡುಗರ ಕೈಗೆ ಕಾಸು ಸೋಕಿದರೆ ಮೈಲಿಗೆ. ತಂಡದವರಿಗೆ ಹಣ್ಣು, ಬೀಜ, ಬೇಗಲ್ ಎಂಬ ಬ್ರೆಡ್ಡು ಕೊಡಬಹುದಿತ್ತು. ಅದು ತಿಂಡಿ. ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ನಿಯಮ ಮುರಿದಂತೆ! ದೋಸೆ ಕೊಟ್ಟರೆ ಉಪಚಾರ, ಚಟ್ನಿ ಬಡಿಸಿದರೆ ಲಂಚ. ಈ ಚಟ್ನಿ ಕಾಯ್ದೆ 2013ರವರೆಗೂ ಇತ್ತು. ಮರುವರ್ಷ ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಅಂದ. ತಂಡಕ್ಕೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟವನು ಅವನು. ಆಮೇಲೆ ಕೆಲವೇ ದಿನಗಳಲ್ಲಿ ಊಟದ ಮಿತಿ ತೆಗೆದರು. ಇತ್ತ ಅದೇ ಟೂರ್ನಿಯ ಟಿವಿ ಹಕ್ಕನ್ನು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಮಾರಿ ಆಗಿತ್ತು. ಆ ದುಡ್ಡಿಗೆ ಮೈಲಿಗೆ ತಾಗುವುದಿಲ್ಲ ಅಂತ ಕಾಣುತ್ತೆ.

ಈಗ ಮಡಿ ಬಟ್ಟೆ ಪೂರ್ತಿ ಬಿಚ್ಚಿಟ್ಟಿದ್ದಾರೆ. 2021ರ ಜುಲೈನಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಹಳೇ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ. ಆಮೇಲಿಂದ ಒಂದೊಂದು ಕಾಲೇಜೂ, ಎಲ್ಲ ಆಟಗಳಿಗೂ ಸೇರಿಸಿ, ಮೊದಲ ವರ್ಷ, ಅಂದರೆ 2025-26ರಲ್ಲಿ, 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಿತ್ತು. ಕೊಡಲಿ, ನನಗೆ ಹೊಟ್ಟೆಯುರಿಯಿಲ್ಲ. ಬೆವರು ಅವರದು. ಆದರೆ ಇಷ್ಟಾದರೂ ಅವರನ್ನು ಕೆಲಸಗಾರರು ಅನ್ನುವ ಹಾಗಿಲ್ಲವಂತೆ. ಈಗಲೂ ‘ವಿದ್ಯಾರ್ಥಿ ಕ್ರೀಡಾಪಟು’.

ಈ ವಿದ್ಯಾರ್ಥಿಗಳಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತೊಂದಿದೆ, ಕಾಲೇಜು ಬದಲಿಸುವವರು ಹೆಸರು ಬರೆಸುವ ಆನ್‌ಲೈನ್ ಪಟ್ಟಿ. ಮುಂಚೆ ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2024ರಿಂದ, ಪಾಠದಲ್ಲಿ ಪಾಸಾಗಿದ್ದರೆ ಸಾಕು, ವರ್ಷಕ್ಕೊಂದು ಕಾಲೇಜು ಬದಲಿಸಿ ಮಾರನೇ ಸೀಸನ್ನಿಗೇ ಆಡಬಹುದು. ವೀಸಾದ ಮೇಲೆ ಇಲ್ಲಿ ಬಂದು ಕೂತ ನಮ್ಮಂಥವರು ಕಂಪನಿ ಬದಲಿಸಬೇಕಾದರೆ ವಕೀಲರು, ಫಾರಂ, ಹರಕೆ ಎಲ್ಲ ಬೇಕು. ಈ ಹುಡುಗರಿಗೆ ನೋಟಿಸ್ ಪೀರಿಯಡ್ ಕೂಡ ಇಲ್ಲ!

ಅಕ್ಕನ ಮಗ ಹಾಸನದಿಂದ ಎಂ.ಎಸ್. ಮಾಡಲು ಬಂದಿದ್ದಾನೆ. ಅವನದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಕ್ಯಾಂಪಸ್ ಕ್ಯಾಂಟೀನಿನಲ್ಲಿ ತಟ್ಟೆ ಎತ್ತುತ್ತಾನೆ. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮೀರಬಾರದು. ಮೀರಿದರೆ ಹಾಸನ. ಬೇರೆ ದೇಶದಿಂದ ಬಂದ ಬಾಸ್ಕೆಟ್‌ಬಾಲ್ ಹುಡುಗರಿಗೂ ಇದೇ ವೀಸಾ. ಹಾಗಾಗಿ ಪಕ್ಕದ ಅಮೆರಿಕನ್ ಹುಡುಗ ಕಾರಿನ ಜಾಹೀರಾತು ಮಾಡುವಾಗ ಇವರು ಕೈಕಟ್ಟಿ ನಿಲ್ಲಬೇಕು. ಕೆಂಟಕಿ ತಂಡದಲ್ಲಿದ್ದ ಕಾಂಗೋ ದೇಶದ ಆಸ್ಕರ್ ಶೀಬ್ವೆ ಅದಕ್ಕೂ ದಾರಿ ಕಂಡುಕೊಂಡ. 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಜಾಹೀರಾತಿನ ಕೆಲಸವನ್ನೆಲ್ಲ ಅಲ್ಲೇ ಮುಗಿಸಿ ಬಂದ. ಗಡಿ ದಾಟಿದರೆ ಅದೇ ಹುಡುಗ, ಅದೇ ನಗು, ಕಾನೂನು ಮಾತ್ರ ಬೇರೆ. ಇದನ್ನು ಕೇಳಿ ನಮ್ಮ ಹುಡುಗ ಅಂದ, ‘ಮಾಮ, ನಮ್ಮ ಕ್ಯಾಂಟೀನಿನ ತಟ್ಟೆಗಳನ್ನೂ ಬಹಾಮಾಸ್‌ಗೆ ತಗೊಂಡು ಹೋಗಬಹುದಾ?’

2025ರ ಡಿಸೆಂಬರಿನಲ್ಲಿ ಇನ್ನೊಂದು ಪವಾಡ ಆಯಿತು. ನೈಜೀರಿಯಾದ ಜೇಮ್ಸ್ ನಾಜಿ ಬಾರ್ಸಿಲೋನಾದ ವೃತ್ತಿಪರ ಕ್ಲಬ್ಬಿನಲ್ಲಿ ಆಡಿದ್ದವನು. 2023ರಲ್ಲಿ ಎನ್‌ಬಿಎ ಅವನನ್ನು ‘ಡ್ರಾಫ್ಟ್’ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 31ನೆಯವನಾಗಿ ಆರಿಸಿಕೊಂಡಿತ್ತು. ಅವನು ಸೀಸನ್ನಿನ ನಡುವೆ ಟೆಕ್ಸಸ್‌ನ ಬೇಲರ್ ಕಾಲೇಜಿಗೆ ಬಂದು ಸೇರಿದ. ಅವನು ಎನ್‌ಬಿಎ ಜೊತೆ ಒಪ್ಪಂದಕ್ಕೆ ಸಹಿ ಹಾಕಿಲ್ಲವಲ್ಲ, ಅದೇ ದಾರಿ. ನಿಶ್ಚಿತಾರ್ಥ ಆಗಿದೆ, ತಾಳಿ ಕಟ್ಟಿಲ್ಲ, ಹಾಗಾಗಿ ಹುಡುಗ ಬ್ರಹ್ಮಚಾರಿ. ಬಾರ್ಸಿಲೋನಾದ ಸಂಸಾರ ಲೆಕ್ಕಕ್ಕಿಲ್ಲ.

ಲೆಕ್ಕದ ಪಾಠವೂ, ಭೂಗೋಳದ ಪಾಠವೂ ಹೀಗೇ. ತಮ್ಮೊಳಗೆ ಆಡಲು ಕಾಲೇಜುಗಳು ಕೂಟ ಕಟ್ಟಿಕೊಂಡಿವೆ. ಬಿಗ್ ಟೆನ್ ಎಂಬ ಕೂಟದಲ್ಲಿ 18 ಕಾಲೇಜುಗಳಿವೆ. ನಮ್ಮ ಡ್ಯೂಕ್ ಇರುವುದು ಅಟ್ಲಾಂಟಿಕ್ ಕರಾವಳಿ ಕೂಟದಲ್ಲಿ. 2024ರಲ್ಲಿ ಅದಕ್ಕೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ ಸೇರಿದವು. ಅವೆರಡೂ ಇರುವುದು ಪೆಸಿಫಿಕ್ ಕಡೆ. ಅಂದರೆ ಮಂಗಳೂರಿನ ಕಾಲೇಜನ್ನು ಬಂಗಾಳ ಕೊಲ್ಲಿ ಕೂಟಕ್ಕೆ ಸೇರಿಸಿದ ಹಾಗೆ. ಮಂಗಳೂರಾದರೆ ಪರವಾಗಿಲ್ಲ, ರಾತ್ರಿ ಬಸ್ಸು ಹತ್ತಬಹುದು.

ಇನ್ನು ವೃತ್ತಿಪರರು. ಇವರು ಕೆಲಸಕ್ಕೆ ಚಕ್ಕರ್ ಹೊಡೆಯುತ್ತಾರೆ. ಕಾಲು ನೋವಿಲ್ಲ, ಜ್ವರ ಇಲ್ಲ, ಆದರೂ ರೆಸ್ಟು. ಅದಕ್ಕೆ ‘ಲೋಡ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ಒಬ್ಬ ದೊಡ್ಡ ಆಟಗಾರನನ್ನು ನೋಡಲು ನಾವು ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಶಾರ್ಲಟ್‌ಗೆ ಹೋಗಿದ್ದೆವು. ಆತ ಬೆಂಚಿನಲ್ಲಿ ಚೆಂದದ ಕೋಟು ಹಾಕಿ ಕೂತು ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ. ವ್ಯತ್ಯಾಸ ಇಷ್ಟೇ, ಟಿಕೆಟ್ ನನ್ನದು.

ಇದಕ್ಕೆ ಲೀಗು ಕಂಡುಹಿಡಿದ ಮದ್ದು ಏನು ಗೊತ್ತಾ? ಹಾಜರಾತಿ! 2023-24ರ ಸೀಸನ್ನಿನಿಂದ 82 ಪಂದ್ಯಗಳಲ್ಲಿ ಕನಿಷ್ಠ 65 ಆಡದಿದ್ದರೆ ದೊಡ್ಡ ಪ್ರಶಸ್ತಿಗಳು ಸಿಗಲ್ಲ. ಲೆಕ್ಕ ಹಾಕಿದೆ, ನೂರಕ್ಕೆ 79. ನಮ್ಮ ಪಿಯುಸಿಯಲ್ಲಿ 75 ಇದ್ದರೆ ಹಾಲ್ ಟಿಕೆಟ್ ಕೊಡುತ್ತಿದ್ದರು. ಕೋಟಿಗಟ್ಟಲೆ ಡಾಲರ್ ಸಂಬಳದವರು ಈಗ ಮಾರ್ಚ್ ಬಂತೆಂದರೆ ಬೆರಳು ಮಡಚಿ ಎಣಿಸುತ್ತಾರೆ. ಅಪ್ಪನನ್ನು ಕರೆದುಕೊಂಡು ಬಾ ಅನ್ನುವುದೊಂದು ಬಾಕಿ.

ಡ್ರಾಫ್ಟ್ ಅಂದರೆ ನಮ್ಮ ಸಿಇಟಿ ಕೌನ್ಸೆಲಿಂಗ್. ಆದರೆ ತಲೆಕೆಳಗು. ಕಡೇ ರ‍್ಯಾಂಕಿನವನಿಗೆ ಲಾಟರಿ ಎತ್ತುವಾಗ ಒಳ್ಳೇ ಸೀಟಿನ ಆಸೆ ಜಾಸ್ತಿ. ಆದ್ದರಿಂದ ಸೋಲಲು ಪೈಪೋಟಿ. 2025ರ ಮಾರ್ಚಿನಲ್ಲಿ ಯೂಟಾ ಜಾಝ್ ತಂಡ ತನ್ನ ಒಳ್ಳೇ ಆಟಗಾರನನ್ನು ಕೂರಿಸಿದ್ದಕ್ಕೆ ಲೀಗು ಒಂದು ಲಕ್ಷ ಡಾಲರ್ ದಂಡ ಹಾಕಿತು. ಅವರು ಕಟ್ಟಿದರು, ಮತ್ತೆ ಸೋತರು. 17 ಗೆಲುವು, 65 ಸೋಲು, ಇಡೀ ಲೀಗಿಗೇ ಕಡೆ. ಲಾಟರಿ ಎತ್ತಿದಾಗ ಸಿಕ್ಕಿದ್ದು ಐದನೇ ಸೀಟು. ಪಾಪ, ಫೇಲಾಗುವುದರಲ್ಲೂ ಫೇಲು.

ಮೊದಲ ಸೀಟು ಯಾರಿಗೆ ಹೋಯಿತು? ಡಾಲಸ್‌ಗೆ. ಹಿಂದಿನ ವರ್ಷ ಫೈನಲ್‌ವರೆಗೆ ಕರೆದೊಯ್ದಿದ್ದ ಲೂಕಾ ಡಾಂಚಿಚ್‌ನನ್ನು ಫೆಬ್ರವರಿಯ ಒಂದು ರಾತ್ರಿ ಲೇಕರ್ಸ್ ತಂಡಕ್ಕೆ ಸಾಗಹಾಕಿ, ಊರವರಿಂದ ಶಾಪ ಹಾಕಿಸಿಕೊಂಡ ತಂಡ ಅದು. ಲಾಟರಿ ಗೆಲ್ಲುವ ಅವಕಾಶ ಬರೀ ನೂರಕ್ಕೆ 1.8. ಸಿಕ್ಕಿದವನು ಕೂಪರ್ ಫ್ಲಾಗ್, ನಮ್ಮ ಪಕ್ಕದ ಡ್ಯೂಕ್‌ನಲ್ಲಿ ಒಂದೇ ವರ್ಷ ಆಡಿದ ಹುಡುಗ. ಇಂಥ ಅದೃಷ್ಟ ನೋಡಿ ನಾನು ಚೀಟಿ ಕಟ್ಟುವುದನ್ನೇ ಬಿಟ್ಟೆ.

ಮರುಮೌಲ್ಯಮಾಪನವೂ ಇದೆ. ಬಿಗುವಿನ ಪಂದ್ಯದ ಕೊನೇ ಎರಡು ನಿಮಿಷದಲ್ಲಿ ಅಂಪೈರು ಎಲ್ಲೆಲ್ಲಿ ತಪ್ಪಿದ ಅಂತ 2015ರಿಂದ ಲೀಗೇ ಮಾರನೇ ದಿನ ವರದಿ ಕೊಡುತ್ತದೆ. ನಿಮಗೆ ಫೌಲ್ ಸಿಗಬೇಕಿತ್ತು, ನಿಜ. ಫಲಿತಾಂಶ ಬದಲಾಗಲ್ಲ, ಹೋಗಿ ಬನ್ನಿ. ಅಂದಹಾಗೆ ಆ ಎರಡು ನಿಮಿಷದಲ್ಲಿ ಟೈಮ್‌ಔಟು, ಫ್ರೀ ಥ್ರೋ, ರಿಪ್ಲೇ, ಜಾಹೀರಾತು ಎಲ್ಲ ಸೇರಿ ನನ್ನ ಹೆಂಡತಿ ರವೆ ಹುರಿದು ಉಪ್ಪಿಟ್ಟು ಇಳಿಸಿರುತ್ತಾಳೆ. ಇದನ್ನೆಲ್ಲ ತೋರಿಸುವ ಹಕ್ಕು 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್. ಇಎಸ್‌ಪಿಎನ್, ಎನ್‌ಬಿಸಿ, ಅಮೆಜಾನ್ ಮೂವರೂ ಹಂಚಿಕೊಂಡಿದ್ದಾರೆ. ಯಾವ ದಿನ ಯಾವುದರಲ್ಲಿ ಅಂತ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದೇನೆ, ಹಾಲಿನವನ ಲೆಕ್ಕದ ಪಕ್ಕ ಅನ್ನೋಣವೆಂದರೆ ಇಲ್ಲಿ ಹಾಲಿನವನಿಲ್ಲ.

ಮೊನ್ನೆ ಅಕ್ಕನ ಮಗ ಊಟಕ್ಕೆ ಬಂದಿದ್ದ. ಮುಖ ಸಪ್ಪಗಿತ್ತು. ಅವನ ಗೈಡು ಬೇರೆ ಯೂನಿವರ್ಸಿಟಿಗೆ ಹೊರಟಿದ್ದಾರಂತೆ. ಇವನೂ ಹಿಂದೆ ಹೋಗಬೇಕಾದರೆ ವೀಸಾದ ಕಾಗದ, ಫೀಸು, ಹೊಸ ಅರ್ಜಿ ಎಲ್ಲ ಮೊದಲಿಂದ.

‘ಅಷ್ಟೇನಾ? ಟ್ರಾನ್ಸ್‌ಫರ್ ಪೋರ್ಟಲ್ ಇಲ್ವೇನೋ ನಿಮಗೆ?’ ಅಂದೆ.

‘ಇದೆ ಮಾಮ. ಎರಡು ದಿನದಿಂದ ಓಪನ್ ಆಗ್ತಿಲ್ಲ.’