ಅರವತ್ತೊಂದನೆಯ ಮಗು

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳ ಕೊನೆಯ ವಾರ, ಮುಂಬಯಿ ಉಪನಗರದ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಾಧ್ಯಾಪಿಕೆಯವರ ಎದುರು ಕುಳಿತು, ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನು ಗಣಕದಲ್ಲಿದ್ದ ಸರ್ಕಾರಿ ಪಟ್ಟಿಯ ಹೆಸರುಗಳೊಡನೆ ತಾಳೆ ನೋಡುತ್ತಿದ್ದೆ. ನಾನು ಆ ಶಾಲೆಯ ಹಳೆಯ ವಿದ್ಯಾರ್ಥಿ. ಇಂಥ ಕೆಲಸವಿದ್ದಾಗ ಕರೆಯುತ್ತಾರೆ. ಪುಸ್ತಕದಲ್ಲಿ 61 ಮಕ್ಕಳಿದ್ದರು, ಗಣಕದಲ್ಲಿ 60.

ಕಾಣೆಯಾಗಿದ್ದವಳು ನಾಲ್ಕನೆಯ ತರಗತಿಯ ಹುಡುಗಿ. ಆಕೆಯ ತಂದೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಿಂದ ಕಟ್ಟಡ ಕೆಲಸಕ್ಕೆ ಬಂದವರು. ತಾಯಿಯ ಹೆರಿಗೆಗೆಂದು ಊರಿಗೆ ಹೋದ ಕುಟುಂಬ ಒಂದು ವರ್ಷ ಅಲ್ಲೇ ಉಳಿದಿದ್ದರಿಂದ ಹುಡುಗಿ ಮೂರನೆಯ ತರಗತಿಯನ್ನು ಊರಿನಲ್ಲಿ ಓದಿ ಮರಳಿದ್ದಳು. ಅಲ್ಲಿಯ ದಾಖಲೆ ಇಲ್ಲಿಗೆ ಹೊಂದಲಿಲ್ಲ; ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ಬೇರೆಯಿತ್ತು; ಟಿ.ಸಿ. ಇನ್ನೂ ಬಂದಿರಲಿಲ್ಲ. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ಹೇಳುವುದರಿಂದ ಹುಡುಗಿ ತರಗತಿಯಲ್ಲೇನೋ ಕುಳಿತಿದ್ದಳು, ಎಣಿಕೆಗೆ ಮಾತ್ರ ಸಿಕ್ಕಿರಲಿಲ್ಲ. ಆಕೆಯ ತಂದೆ ಸಿಮೆಂಟು ಮೆತ್ತಿದ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲೇ ನಿಂತು ಕೇಳಿದರು: "ಅಕ್ಕಾರ, ಆಕಿ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದ್ರ ನಮ್ಮ ಹುಡುಗಿ ಎಲ್ಲಿ ಅದಾಳ್ರಿ?"

ಒಂದು ಹೆಸರಿಗೆ ಇಷ್ಟೇಕೆ ಒದ್ದಾಟವೆಂದು ಹೊರಗಿನವರಿಗೆ ಅನ್ನಿಸಬಹುದು. 2009ರ ಆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡುವ ಕ್ರಮಕ್ಕೆ 'ಸಂಚ ಮಾನ್ಯತಾ' ಎನ್ನುತ್ತಾರೆ. ಸೆಪ್ಟೆಂಬರ್ 30ರ ಪಟಸಂಖ್ಯೆಯೇ, ಅಂದರೆ ಅಂದು ದಾಖಲಾಗಿರುವ ಮಕ್ಕಳ ಸಂಖ್ಯೆಯೇ, ಅದಕ್ಕೆ ಆಧಾರ. ಆ ಹುಡುಗಿಯ ದಾಖಲೆ ಸರಿಯಾದದ್ದು ಅಕ್ಟೋಬರ್ ಎರಡನೆಯ ವಾರದಲ್ಲಿ. ಅಷ್ಟರಲ್ಲಿ ಎಣಿಕೆ ಮುಗಿದಿತ್ತು. ಮೂರನೆಯ ಶಿಕ್ಷಕಿ 'ಹೆಚ್ಚುವರಿ' ಎನಿಸಿಕೊಂಡು ಬೇರೆಡೆಗೆ ಹೋದರು. ಐದು ತರಗತಿಗಳು ಇಬ್ಬರ ಪಾಲಿಗೆ ಬಂದವು.

ಅಂದಿನಿಂದ ನಮ್ಮ ದೇಶದ ಶಿಕ್ಷಣ ವ್ಯವಸ್ಥೆಯ ಕಾನೂನುಗಳನ್ನು ಓದುವಾಗ ನನ್ನ ಕಣ್ಣು ಒಂದೇ ಕಡೆ ನಿಲ್ಲುತ್ತದೆ. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ 'ಪ್ರಯತ್ನಿಸಬೇಕು' ಎನ್ನುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಬೋಧನ ಮಾಧ್ಯಮವು 'ಕಾರ್ಯಸಾಧ್ಯವಾದಷ್ಟು ಮಟ್ಟಿಗೆ' ಮಗುವಿನ ತಾಯ್ನುಡಿಯಾಗಿರಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಐದನೆಯ ತರಗತಿಯವರೆಗಾದರೂ, ಒಳ್ಳೆಯದೆಂದರೆ ಎಂಟರವರೆಗೂ, ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿ, ಅದಕ್ಕೂ 'ಸಾಧ್ಯವಿದ್ದಲ್ಲೆಲ್ಲ' ಎಂಬ ಬಾಲ ಕಟ್ಟುತ್ತದೆ. ಅರುವತ್ತನಾಲ್ಕು ವರ್ಷಗಳಲ್ಲಿ ಮೂರು ದಾಖಲೆಗಳು, ಮೂರರಲ್ಲೂ ನುಣುಚಿಕೊಳ್ಳಲು ಒಂದು ಕಿಂಡಿ. ಮಕ್ಕಳ ತಲೆ ಎಣಿಸುವ ನಿಯಮದಲ್ಲಿ ಅಂಥ ಕಿಂಡಿಯೇ ಇಲ್ಲ. ಅಲ್ಲಿ 60 ಎಂದರೆ 60.

ಇದಕ್ಕೆಲ್ಲ ಶಿಕ್ಷಣವನ್ನು ದಿಲ್ಲಿಗೆ ಒಯ್ದದ್ದೇ ಕಾರಣವೆಂದು ನಮ್ಮ ಕೆಲವು ಗೆಳೆಯರ ವಾದ. 1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದದ್ದು ನಿಜ. ಆದರೂ ಮುಂಬಯಿಯ ಕನ್ನಡ ಶಾಲೆಯ ಮಟ್ಟಿಗೆ ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ. ಇಲ್ಲಿ ಪಠ್ಯಪುಸ್ತಕ ಪುಣೆಯ ಬಾಲಭಾರತಿಯದು, ಪಾಲಿಕೆ ಶಾಲೆಗಳು ಮಹಾನಗರಪಾಲಿಕೆಯವು, ಅನುದಾನಿತ ಶಾಲೆಗಳು ನಮ್ಮವರೇ ಕಟ್ಟಿದ ಸಂಸ್ಥೆಗಳವು, ಸಂಬಳ ರಾಜ್ಯದ್ದು, 2018ರಿಂದ ಸಮಗ್ರ ಶಿಕ್ಷಾ ಯೋಜನೆಯ ಹಣದಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಇಷ್ಟು ಕೈಗಳಿದ್ದರೂ 'ಈ ಮಗುವಿಗೆ ಕನ್ನಡದಲ್ಲಿ ಕಲಿಸುವವರಿಲ್ಲ' ಎಂಬ ದೂರಿಗೆ ಉತ್ತರ ಕೊಡಲೇಬೇಕಾದ ಕೈ ಯಾವುದೆಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗೆಂದೇ ಒಬ್ಬ ವಿಶೇಷಾಧಿಕಾರಿಯ ಹುದ್ದೆ ಇದೆ. ಅವರ ಕೆಲಸ ರಾಷ್ಟ್ರಪತಿಗೆ ವರದಿ ಕೊಡುವಲ್ಲಿಗೆ ಮುಗಿಯುತ್ತದೆ.

2025ರ ಏಪ್ರಿಲ್‌ನಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಎಂಬ ಆದೇಶ ಬಂದಾಗ ಇಡೀ ಮಹಾರಾಷ್ಟ್ರ ಎದ್ದು ನಿಂತಿತು, ಜೂನ್ ಮುಗಿಯುವುದರೊಳಗೆ ಸರ್ಕಾರ ಅದನ್ನು ಹಿಂಪಡೆಯಿತು. ತಾಯ್ನುಡಿಯ ಬಗ್ಗೆ ಮರಾಠಿ ಜನ ಅಂದು ಆಡಿದ ಮಾತುಗಳೆಲ್ಲ ನನಗೆ ಒಪ್ಪಿಗೆಯಾಗಿದ್ದವು; ನಮ್ಮ ಶಾಲೆಯ ಪಟಸಂಖ್ಯೆಗೂ ಅವು ಅನ್ವಯಿಸುತ್ತವೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ನಮಗಾದರೂ ಹೊಳೆದಿತ್ತೇ? ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಊಟ ಮುಗಿಸಿ ಮನೆಗೆ ಬರುವ ನಮ್ಮಂಥವರ ಮಕ್ಕಳೆಲ್ಲ ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ನನ್ನ ಮಗನೂ ಅಲ್ಲಿಯೇ. ಹಿಂದೆ ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ ಸಮಾಜದ ಮೊಮ್ಮಕ್ಕಳು ನಾವು. ಈಗ ಕನ್ನಡ ಶಾಲೆಯನ್ನು ಉಳಿಸುತ್ತಿರುವವರು ಇಂಡಿಯ, ಸಿಂದಗಿಯ ಕೂಲಿಕಾರರು.

ಭಾಷಾ ಅಲ್ಪಸಂಖ್ಯಾತ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ, ಪಟಸಂಖ್ಯೆ ಎಷ್ಟೇ ಇರಲಿ, ಕನಿಷ್ಠ ಮೂವರು ಶಿಕ್ಷಕರಿರಬೇಕೆಂಬ ನಿಯಮವನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಬೆಳಗಾವಿ, ಖಾನಾಪುರಗಳ ಮರಾಠಿ ಶಾಲೆಗಳಿಗೂ ಅದೇ ನಿಯಮವನ್ನು ಕರ್ನಾಟಕ ಅನ್ವಯಿಸಲಿ. ಗಡಿಯ ವಿಚಾರದಲ್ಲಿ ಜಗಳವಾಡುವ ಎರಡು ರಾಜ್ಯಗಳು ಇದೊಂದನ್ನು ಸರಿಸಮವಾಗಿ ಒಪ್ಪಿಕೊಳ್ಳಲು ಅಡ್ಡಿಯೇನಿದೆ? ಜೊತೆಗೆ ಊರಿಗೂ ನಗರಕ್ಕೂ ಓಡಾಡುವ ಮಕ್ಕಳನ್ನು ಸೆಪ್ಟೆಂಬರ್ 30ರ ಒಂದೇ ದಿನದ ಲೆಕ್ಕಕ್ಕೆ ಕಟ್ಟಿಹಾಕದೆ, ಇಡೀ ವರ್ಷದ ಹಾಜರಿಯ ಸರಾಸರಿಯನ್ನು ಹಿಡಿಯಬೇಕು.

ಈ ಎರಡು ಬೇಡಿಕೆಗಳನ್ನು ಮರಾಠಿಯಲ್ಲಿ ಬರೆದು ಮುಖ್ಯಾಧ್ಯಾಪಿಕೆಯವರಿಗೆ ಕೊಟ್ಟಿದ್ದೇನೆ. ಸಹಿ ಹಾಕುವ ಮೊದಲು ಅವರು ಪಟಸಂಖ್ಯೆಯ ಜಾಗದಲ್ಲಿ ನಾನು ಬರೆದಿದ್ದ 52ನ್ನು ಹೊಡೆದುಹಾಕಿ 49 ಎಂದು ತಿದ್ದಿದರು. ಒಂದೇ ಮನೆಯ ಮೂವರು ಮಕ್ಕಳು ಹಿಂದಿನ ದಿನವಷ್ಟೇ ಊರಿಗೆ ಹೋಗಿದ್ದರು.