ನಾವಿಬ್ಬರು, ನಮಗೆಷ್ಟು ಸೀಟು?

ಚಿಕ್ಕಮಗಳೂರು ಕಡೆಯ ನಮ್ಮೂರಲ್ಲಿ ಆರೋಗ್ಯ ಉಪಕೇಂದ್ರದ ಗೋಡೆ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನವೊಂದಿತ್ತು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ನಾವಿಬ್ಬರು, ನಮಗಿಬ್ಬರು’. ಅಪ್ಪಯ್ಯ ಅದನ್ನು ಸಂವಿಧಾನದ ಕಲಮು ಅಂತಲೇ ನಂಬಿಬಿಟ್ಟ. ಆರತಿಗೊಬ್ಬಳು ಅಕ್ಕ, ಕೀರ್ತಿಗೊಬ್ಬ ನಾನು. ಅಲ್ಲಿಗೆ ನಿಲ್ಲಿಸಿ ದೇಶಕ್ಕಾಗಿ ತ್ಯಾಗ ಮಾಡಿದ. ಆಪರೇಷನ್ ಮಾತ್ರ ಅಮ್ಮನಿಗೆ ಆಯಿತು.

ಇದರಲ್ಲಿ ಅಪ್ಪಯ್ಯ ಒಬ್ಬನೇ ಅಲ್ಲ ಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ 57 ಮಂದಿಗೆ ಈ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ತ್ಯಾಗ ಗಂಡನದು, ಹೊಲಿಗೆ ಹೆಂಡತಿಯದು.

ಈ ಶಿಸ್ತು ನಮಗೆ ಹೊಸದೇನಲ್ಲ. ದೆಹಲಿ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಅಪ್ಪಣೆ ಕೊಟ್ಟದ್ದು 1930ರಲ್ಲಿ. ಹೋಂವರ್ಕನ್ನು 22 ವರ್ಷ ಮುಂಚೆಯೇ ಶುರುಮಾಡಿದ ಹುಡುಗ ನಾವು. ಅಂಥ ಹುಡುಗನಿಗೆ ಕ್ಲಾಸಿನಲ್ಲಿ ಏನಾಗುತ್ತೆ? ಹೇಗೂ ಪುರುಸೊತ್ತಾಗಿದ್ದೀಯಲ್ಲ ಅಂತ ಮೇಷ್ಟ್ರು ಅವನ ಕೈಗೇ ಪೊರಕೆ ಕೊಡುತ್ತಾರೆ.

ನಮ್ಮ ಕೈಗೆ ಪೊರಕೆ ಬಂದದ್ದು ಹೀಗೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭೆ ಸೀಟು ಅನ್ನುವ ಲೆಕ್ಕ ನಿಂತಿರುವುದು 1971ರ ಜನಗಣತಿ ಮೇಲೆ. ಮಕ್ಕಳು ಕಡಿಮೆ ಮಾಡಿಕೊಂಡ ರಾಜ್ಯಕ್ಕೆ ನಷ್ಟ ಆಗಬಾರದು ಅಂತ 1976ರಲ್ಲಿ ಆ ಲೆಕ್ಕವನ್ನು ಫ್ರಿಜ್ಜಿನಲ್ಲಿಟ್ಟರು. 2001ರಲ್ಲಿ ಬಾಗಿಲು ತೆಗೆದು ನೋಡಿ, ಅಯ್ಯೋ ಬೇಡ ಅಂತ ಮತ್ತೆ ಮುಚ್ಚಿದರು. 2026 ಕಳೆದ ಮೇಲಿನ ಮೊದಲ ಜನಗಣತಿವರೆಗೆ ಅಂತ ಗಡುವು, ಆಮೇಲೆ ಹೊಸ ತಲೆಲೆಕ್ಕದ ಮೇಲೆ ಸೀಟು ಹಂಚಿಕೆ. ಅಷ್ಟರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅನ್ನುವ ಹಂತಕ್ಕೆ ಬಂದೆವು. ಬಿಹಾರದಲ್ಲಿ 3. (ಅರೆಬರೆ 0.7 ಮಗು ಯಾವುದು ಅಂತ ಕೇಳಬೇಡಿ. ಅಕ್ಕನ ಪ್ರಕಾರ ಅದು ನಾನೇ.)

ದಕ್ಷಿಣಕ್ಕೆ ಒಂದು ಸೀಟೂ ಕಡಿಮೆಯಾಗಲ್ಲ ಅಂತ ಅಮಿತ್ ಶಾ 2025ರ ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ಹೇಳಿದರು. ನಂಬೋಣ. ನಮ್ಮ ಎಲೆಯಲ್ಲಿರುವ ಹೋಳಿಗೆಯನ್ನು ಯಾರೂ ಎತ್ತಿಕೊಂಡು ಹೋಗಲ್ಲ. ಪಕ್ಕದ ಎಲೆಗೆ ಎಷ್ಟು ಬಡಿಸುತ್ತಾರೆ ಅನ್ನೋದಲ್ವಾ ಪ್ರಶ್ನೆ?

ಹಣದ ಪಂಕ್ತಿಯಲ್ಲಿ ಬಡಿಸಿಯೂ ಆಗಿದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ 15ನೇ ಹಣಕಾಸು ಆಯೋಗ 1971ರ ಜನಸಂಖ್ಯೆ ಬಿಟ್ಟು 2011ರದ್ದು ಹಿಡಿಯಿತು. ಅದರಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಕಾರಣ ಇದೊಂದೇ ಅಲ್ಲ. ನಾವು ಜಾಸ್ತಿ ದುಡಿಯುತ್ತೇವೆ ಅನ್ನುವ ಇನ್ನೊಂದು ಅಪರಾಧವೂ ಸೇರಿತ್ತು.

ಇದನ್ನೆಲ್ಲ ನೋಡಿ ನಾಯಕರಿಗೆ ದಿಢೀರನೆ ಮಕ್ಕಳ ಮೇಲೆ ಪ್ರೀತಿ ಉಕ್ಕಿದೆ. ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲುವಂತಿರಲಿಲ್ಲ. 2024ರಲ್ಲಿ ಆ ನಿಯಮ ತೆಗೆದರು. ಎರಡಕ್ಕಿಂತ ಹೆಚ್ಚಿದ್ದವರಿಗೆ ಮಾತ್ರ ಅವಕಾಶ ಅಂತ ಮಾಡಿದರೆ ಹೇಗೆ ಅನ್ನುವವರೆಗೂ ಚಂದ್ರಬಾಬು ನಾಯ್ಡು ಹೋದರು. ಅವರಿಗೆ ಇರುವುದು ಒಬ್ಬನೇ ಮಗ. 2024ರ ಅಕ್ಟೋಬರಿನಲ್ಲಿ ಚೆನ್ನೈನ ಸಾಮೂಹಿಕ ಮದುವೆಯೊಂದರಲ್ಲಿ ಸ್ಟಾಲಿನ್ 16 ಮಕ್ಕಳ ಮಾತು ಎತ್ತಿದರು. ಹಿರಿಯರು ಹದಿನಾರು ಬಗೆಯ ಸಂಪತ್ತು ಸಿಗಲಿ ಅಂತ ಹರಸುತ್ತಿದ್ದರಂತೆ, ಈಗ ಅದು ಮಕ್ಕಳೇ ಆಗಬೇಕೇನೋ ಅಂದರು. ಅವರಿಗಿರುವುದು ಇಬ್ಬರು. ಬಾಕಿ ಹದಿನಾಲ್ಕು ಜನತೆಯ ಪಾಲಿಗೆ.

ಬಿಹಾರದವರ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 2011ರ ಲೆಕ್ಕದಲ್ಲಿ ಅಲ್ಲಿ ಒಬ್ಬ ಸಂಸದ 26 ಲಕ್ಷ ಜನರಿಗೆ, ಕೇರಳದಲ್ಲಿ 17 ಲಕ್ಷಕ್ಕೂ ಕಡಿಮೆ. ನಮ್ಮ ಓಟು ಏನು ಹಗುರವಾ ಅಂತ ಬಿಹಾರದವನೂ ಕೇಳುತ್ತಾನೆ. ಮಕ್ಕಳು ಜಾಸ್ತಿ ಆಗುವುದು ಹಟಕ್ಕೂ ಅಲ್ಲ. ನಮ್ಮಜ್ಜಿ ಎಂಟು ಹೆತ್ತಳು, ನಾಲ್ಕು ಉಳಿದವು. “ಎರಡೇ ಹೆತ್ತಿದ್ರೆ ಎಷ್ಟು ಉಳೀತಿತ್ತೋ ಮಾರಾಯ?” ಅನ್ನುತ್ತಿದ್ದಳು. 2020ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡದ್ದು ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ಸೀಟು ಹಂಚುವ ಯಾವ ಸೂತ್ರದಲ್ಲೂ ಈ ಕೂಸುಗಳಿಗೆ ಜಾಗವಿಲ್ಲ. ಎಣಿಸಲು ಬರುವಷ್ಟರಲ್ಲಿ ಅವು ಇರುವುದಿಲ್ಲವಲ್ಲ.

ನಮ್ಮ ಜಿಲ್ಲೆಯ ಕಥೆ ಇನ್ನೂ ಚೆಂದ. 2001ರಿಂದ 2011ಕ್ಕೆ ರಾಜ್ಯದಲ್ಲಿ ಜನ ಕಡಿಮೆಯಾದ ಜಿಲ್ಲೆ ಚಿಕ್ಕಮಗಳೂರೊಂದೇ, ಸುಮಾರು 3 ಸಾವಿರ. ಬೆಂಗಳೂರು ನಗರ ಜಿಲ್ಲೆ ಅಷ್ಟರಲ್ಲಿ 30 ಲಕ್ಷ ಉಬ್ಬಿತು. ನಾವು ಬೆಂಗಳೂರಿಗೆ ಹೋದೆವು, ತೋಟದ ಲೈನ್ ಮನೆಗೆ ಅಸ್ಸಾಮಿನವರು ಬಂದರು. ಕಾಫಿ ಕೊಯ್ಯುವವರು ಅವರೇ. ನಮ್ಮೂರ ಶಾಲೆ ಮುಚ್ಚದಂತೆ ಉಳಿಸಿರುವುದೂ ಅವರ ಮಕ್ಕಳೇ, ‘ಅ ಆ ಇ ಈ’ ಕೂಗಿ ಕೂಗಿ. ವರ್ಷವಿಡೀ ಇಲ್ಲೇ ಇರುವವರನ್ನು ಜನಗಣತಿಯವರು ಇಲ್ಲೇ ಎಣಿಸುತ್ತಾರೆ. ಓಟಿನ ಪಟ್ಟಿಯಲ್ಲಿ ಹೆಸರಿರುವುದು ಅಲ್ಲಿ. ತಲೆ ಕರ್ನಾಟಕಕ್ಕೆ, ಶಾಯಿ ಬೆರಳು ಅಸ್ಸಾಮಿಗೆ. ಇವರಿಂದ ನಮಗೆ ಸೀಟು ಉಳಿದರೆ ‘ಹೊರಗಿನವರು’ ಅಂತ ಬೈಯುವವರು ಯಾವ ಕಡೆ ಕೂರುತ್ತಾರೋ ನೋಡಬೇಕು.

ಮೊನ್ನೆ ಬೆಂಗಳೂರಲ್ಲಿ ಅಕ್ಕನಿಗೆ ತಮಾಷೆಗೆ ಹೇಳಿದೆ, ನಾಡಿಗೋಸ್ಕರ ಇನ್ನೊಂದು ಆಗಲಿ ಅಂತ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಪ್ಲೇಹೋಮ್ ಫೀಸು ಹಣಕಾಸು ಆಯೋಗ ಕಟ್ಟುತ್ತಾ ಕೇಳ್ಕೊಂಡ್ ಬಾ” ಅಂದಳು.

ರಾತ್ರಿ ಊರಿಗೆ ಫೋನು ಮಾಡಿದೆ. ಉಪಕೇಂದ್ರದ ಗೋಡೆಯ ಸುಣ್ಣ ಉದುರಿ ಅಕ್ಷರ ಅರ್ಧ ಹೋಗಿದೆಯಂತೆ. ಮನೆಯಲ್ಲಿ ಎಷ್ಟು ಜನ ಅಂತ ಗಣತಿ ಮೇಷ್ಟ್ರು ಕೇಳಿದರೆ ಏನು ಹೇಳುತ್ತೀ ಅಂತ ಅಪ್ಪಯ್ಯನನ್ನು ಕೇಳಿದೆ.

“ಇನ್ನೇನ್ ಹೇಳೋದು ಮಾರಾಯ,” ಅಂದ, “ನಾವಿಬ್ಬರು.”